ತೀರ್ಥಹಳ್ಳಿ ದಾರಿಯ ನಾಲ್ಕು ಮನೆಗಳು

ಮಲೆನಾಡಿಗೆ ಹೋಗುವವರು ಸಾಮಾನ್ಯವಾಗಿ ಶೃಂಗೇರಿ, ಜೋಗ, ಆಗುಂಬೆಯ ಸೂರ್ಯಾಸ್ತ ಎಂದು ಪಟ್ಟಿ ಮಾಡಿಕೊಂಡು ಹೋಗುತ್ತಾರೆ. ಮನೆಗಳನ್ನು ನೋಡಲಿಕ್ಕೆಂದೇ ಹೋಗುವವರು ಕಡಿಮೆ. ಆದರೆ ತೀರ್ಥಹಳ್ಳಿಯಿಂದ ಆಗುಂಬೆ ಘಾಟಿ ಇಳಿದು ಮಣಿಪಾಲದವರೆಗಿನ ದಾರಿಯಲ್ಲಿ ನೋಡಲೇಬೇಕಾದ ಹಳೇ ಮನೆಗಳಿವೆ. ಒಂದು ವಸ್ತುಸಂಗ್ರಹಾಲಯವಾಗಿದೆ, ಒಂದು ಇನ್ನೂ ಮನೆಯಾಗಿಯೇ ಉಳಿದಿದೆ, ಕೆಲವು ಬುಡಸಮೇತ ಎದ್ದು ಬೇರೆ ಊರಿಗೇ ಬಂದು ನಿಂತಿವೆ. ಇವುಗಳ ಜೊತೆಗೆ ನಾನು ನೋಡಿದ ಇನ್ನೊಂದು ಮನೆ ನನ್ನ ತವರುಮನೆ. ಅದನ್ನು ಮಾರಲಿಕ್ಕೆ ಸಿದ್ಧಮಾಡುವ ಕೆಲಸಕ್ಕೆಂದೇ ಎಳ್ಳಮಾವಾಸ್ಯೆ ಹತ್ತಿರ ಬಂದಾಗ ಒಂದು ತಿಂಗಳು ಅಲ್ಲಿದ್ದೆ.

ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಅರವತ್ತು ಕಿಲೋಮೀಟರ್ ದಾರಿ. ಮಂಡಗದ್ದೆ ದಾಟಿದ ಮೇಲೆ ತುಂಗೆ ಒಮ್ಮೆ ಕಾಣಿಸುತ್ತಾಳೆ, ಒಮ್ಮೆ ಮರಗಳ ಹಿಂದೆ ಅಡಗುತ್ತಾಳೆ. ತೀರ್ಥಹಳ್ಳಿಯಲ್ಲಿ ಹೊಳೆಯ ದಂಡೆಗೇ ರಾಮೇಶ್ವರ ದೇವಸ್ಥಾನ. ಪರಶುರಾಮನ ಕೊಡಲಿಗೆ ಅಂಟಿದ ರಕ್ತದ ಕಲೆ ಇಲ್ಲಿಯ ನೀರಿನಲ್ಲಿ ತೊಳೆದುಹೋಯಿತು ಎಂಬ ನಂಬಿಕೆ. ಅದಕ್ಕೇ ಎಳ್ಳಮಾವಾಸ್ಯೆಯ ದಿನ ಅಲ್ಲಿ ಸ್ನಾನಕ್ಕೆ ಅಷ್ಟು ಜನ. ಜಾತ್ರೆಯಲ್ಲಿ ಬಳೆ, ಬತ್ತಾಸು, ಮಂಡಕ್ಕಿ ಎಲ್ಲಾ ಇತ್ತು. ಅಮ್ಮ ಮಾತ್ರ ಒಂದು ಹೊಸ ಪೊರಕೆ ಕೊಂಡರು. "ಮಾರೋ ಮನೆಯಾದ್ರೇನು, ಗುಡಿಸದೆ ಇರಕ್ಕಾಗತ್ತಾ?" ಅಂದರು.

ಮನೆಯೆಂದರೆ ಎಷ್ಟೊಂದು!

ನಮ್ಮದು ಎಲ್ಲರ ಮಲೆನಾಡಿನ ಮನೆಯ ಹಾಗೆಯೇ. ಮುಂದೆ ಅಡಿಕೆ ಒಣಗಿಸುವ ಅಂಗಳ, ಮೂರು ಮೆಟ್ಟಿಲು ಹತ್ತಿದರೆ ಉದ್ದಾನುದ್ದ ಜಗಲಿ, ಹಲಸಿನ ಮರದ ಆರು ಮುಂಡಿಗೆ. ಒಳಗೆ ನಡುಮನೆ, ದೇವರ ಮನೆ, ಬಾಣಂತಿ ಕೋಣೆ, ಅಡುಗೆ ಮನೆ. ಹಿಂದೆ ಹಂಡೆಯ ಬಚ್ಚಲು, ಬಾವಿ, ಕೊಟ್ಟಿಗೆ. ಮೇಲೆ ಮನೆಯಷ್ಟೇ ಅಗಲದ ಅಟ್ಟ. ಅಪ್ಪ ಹೋದ ಮೇಲೆ ತೋಟವನ್ನು ಚಿಕ್ಕಪ್ಪನ ಮಕ್ಕಳು ನೋಡಿಕೊಳ್ಳುತ್ತಿದ್ದಾರೆ. ತಮ್ಮ ಶಿವಮೊಗ್ಗದಲ್ಲಿ ಕೆಲಸದಲ್ಲಿದ್ದಾನೆ. ಎಪ್ಪತ್ತೈದು ದಾಟಿದ ಅಮ್ಮ ಒಬ್ಬರೇ ಆ ಹದಿನಾಲ್ಕು ಅಂಕಣದ ಮನೆಯಲ್ಲಿ ದೀಪ ಹಚ್ಚಿಕೊಂಡಿದ್ದರು. ಕಳೆದ ಮಳೆಗಾಲದಲ್ಲಿ ಎರಡು ದಿನ ಕರೆಂಟಿಲ್ಲದೆ, ಫೋನಿಲ್ಲದೆ ಇದ್ದಾಗ ನಮಗೆಲ್ಲ ಜೀವ ಕೈಯಲ್ಲಿ ಬಂದಿತ್ತು. ಮಾರುವ ಮಾತು ಹಾಗೆ ಹುಟ್ಟಿತು.

ಮೊದಲ ಕೆಲಸ ಅಟ್ಟ ಇಳಿಸುವುದು. ಸೋದರಿಯರೇ, ಹಳೇ ಮನೆ ಮಾರುವ ಯೋಚನೆ ನಿಮಗಿದ್ದರೆ ಅಟ್ಟಕ್ಕೇ ಒಂದು ವಾರ ಇಟ್ಟುಕೊಳ್ಳಿ. ನಮ್ಮ ಅಟ್ಟದಿಂದ ಇಳಿದದ್ದು: ಮೂರು ತಾಮ್ರದ ಹಂಡೆ, ಎರಡು ಕಡಾಯಿ, ಹನ್ನೊಂದು ಭರಣಿ, ಮರದ ಮರಿಗೆ, ಒನಕೆ, ಸೇರು ಪಾವುಗಳ ಸಾಲು, ಮದುವೆ ಮನೆಯ ಚಾಪೆಗಳ ಸುರುಳಿ, ಅಡಿಕೆ ಸುಲಿಯುವ ಮೆಟ್ಟುಗತ್ತಿ, ಒಂದು ತೊಟ್ಟಿಲು. ಹಲಸಿನ ಹಪ್ಪಳದ ಡಬ್ಬಿಯೊಂದು ಯಾವ ಕಾಲದ್ದೋ, ತೆರೆದರೆ ಪುಡಿ.

ನಾವು ಮಾಡಿದ ಕ್ರಮ ಹೇಳುತ್ತೇನೆ, ಬೇಕಾದವರು ಅನುಸರಿಸಬಹುದು. ಜಗಲಿಯಲ್ಲಿ ನಾಲ್ಕು ಗುಂಪು ಮಾಡಿದೆವು. ಅಮ್ಮನ ಜೊತೆ ಹೋಗುವುದು, ಮಕ್ಕಳು ಹಂಚಿಕೊಳ್ಳುವುದು, ನೆಂಟರು ಕೆಲಸದವರಿಗೆ ಕೊಡುವುದು, ಗುಜರಿಗೆ ಹಾಕುವುದು. ಯಾವ ಸಾಮಾನು ಯಾವ ಗುಂಪಿಗೆ ಎಂದು ಹೇಳುವ ಅಧಿಕಾರ ಅಮ್ಮನದು ಮಾತ್ರ. ನಾವು ಎತ್ತಿಡುವವರು. ಈ ಒಂದು ಕಟ್ಟು ಇದ್ದದ್ದರಿಂದ ಜಗಳ ಅರ್ಧ ಕಡಿಮೆಯಾಯಿತು. ದೊಡ್ಡ ಹಂಡೆಯನ್ನು ಅಮ್ಮ ಐವತ್ತು ವರ್ಷ ನಮ್ಮಲ್ಲಿ ಕೆಲಸಕ್ಕೆ ಬಂದವರ ಮನೆಗೆ ಕಳಿಸಿದರು. ತಾಮ್ರದ ಬೆಲೆ ಗೊತ್ತಿದ್ದ ತಮ್ಮ ಏನೋ ಹೇಳಲು ಹೋದವನು ಸುಮ್ಮನಾದ.

ಕಾಗದಪತ್ರವನ್ನು ಮಾತ್ರ ಗುಜರಿಯವನ ಕಣ್ಣಿಗೂ ಬೀಳಿಸಬೇಡಿ. ಹಳೇ ಟ್ರಂಕಿನ ತಳದಲ್ಲಿ, ಪಂಚಾಂಗಗಳ ನಡುವೆ, ಅಜ್ಜನ ಕಾಲದ ಕಂದಾಯ ರಶೀದಿ, ಪಾಲುಪಟ್ಟಿಯ ನಕಲು ಸಿಕ್ಕಿದವು. ಆಮೇಲೆ ವಕೀಲರು ಮೊದಲು ಕೇಳಿದ್ದೇ ಅವನ್ನು.

ಇಡೀ ದಿನ ಇಲ್ಲಣ, ಧೂಳು ಕುಡಿದ ಗಂಟಲಿಗೆ ಅಮ್ಮ ದಿನಾ ಒಂದೆಲಗದ ತಂಬುಳಿ ಮಾಡುತ್ತಿದ್ದರು. ಒಂದು ಹಿಡಿ ಒಂದೆಲಗವನ್ನು ಅರ್ಧ ಚಮಚ ಜೀರಿಗೆ, ನಾಲ್ಕು ಕಾಳುಮೆಣಸಿನ ಜೊತೆ ತುಪ್ಪದಲ್ಲಿ ಬಾಡಿಸಿ, ಎರಡು ಚಮಚ ಕಾಯಿತುರಿ ಹಾಕಿ ನುಣ್ಣಗೆ ರುಬ್ಬಿ, ಕಡೆದ ಮಜ್ಜಿಗೆಗೆ ಬೆರೆಸಿ ಉಪ್ಪು ಹಾಕುವುದು. ಮೇಲೆ ತುಪ್ಪದಲ್ಲಿ ಒಂದು ಸಾಸಿವೆ ಒಗ್ಗರಣೆ. ಕುದಿಸುವುದೇ ಬೇಡ. ಬಿಸಿ ಅನ್ನಕ್ಕೆ ಕಲಸಿ ಉಂಡರೆ ಗಂಟಲೂ ತಣ್ಣಗೆ, ಸಿಟ್ಟೂ ತಣ್ಣಗೆ!

ಕುಪ್ಪಳಿಯ ಕವಿಮನೆ

ಒಂದು ಭಾನುವಾರ ಕೆಲಸಕ್ಕೆ ರಜೆ ಕೊಟ್ಟು ಅಮ್ಮನನ್ನು ಕರೆದುಕೊಂಡು ಕುಪ್ಪಳಿಗೆ ಹೋದೆವು. ತೀರ್ಥಹಳ್ಳಿಯಿಂದ ಕೊಪ್ಪದ ಕಡೆಯ ದಾರಿಯಲ್ಲಿದೆ. ಕುವೆಂಪು ಅವರು ಬಾಲ್ಯ ಕಳೆದ ಮನೆಯನ್ನು ರಿಪೇರಿ ಮಾಡಿಸಿ, ಕವಿಮನೆ ಎಂದು ಜನ ನೋಡಲು ಇಟ್ಟಿದ್ದಾರೆ. ಮೇಲೆ ಗುಡ್ಡದಲ್ಲಿ ಕವಿಶೈಲ. ದೊಡ್ಡ ದೊಡ್ಡ ಕಲ್ಲುಗಳ ನಡುವೆ ಅವರ ಸಮಾಧಿ. 1994ರಲ್ಲಿ ಅವರು ತೀರಿಕೊಂಡಾಗ ಅಲ್ಲಿಗೇ ತಂದು ಮಣ್ಣುಮಾಡಿದರು.

ಮಹಡಿ ಮನೆ, ಕೆತ್ತನೆಯ ಕಂಬಗಳು, ನಡುವೆ ಅಂಗಳ, ತುಳಸಿಕಟ್ಟೆ. ಕವಿಯ ಪುಸ್ತಕ, ಬಟ್ಟೆಬರೆ ಒಂದು ಕಡೆಯಾದರೆ, ಮನೆ ಬಳಕೆಯ ಪಾತ್ರೆ ಪರಡಿ ಇನ್ನೊಂದು ಕಡೆ. ಅಮ್ಮನಿಗೆ ಎರಡನೆಯದರಲ್ಲೇ ಆಸಕ್ತಿ. ಬಿಟ್ಟ ಕಣ್ಣು ಬಿಟ್ಟಂತೆ ನೋಡಿದರು. "ನಾನು ನಿನ್ನೆ ಗುಜರಿಗೆ ಹಾಕ್ಸಿದ್ದನ್ನೆಲ್ಲ ಇಲ್ಲಿ ಗಾಜಿನೊಳಗಿಟ್ಟಿದಾರಲ್ಲೇ!" ಎಂದು ನಕ್ಕರು. ನಕ್ಕದ್ದು ನಿಜ, ಆದರೆ ಮನೆಗೆ ಬಂದವರು ಗುಜರಿಯ ಗುಂಪಿನಿಂದ ಒಂದು ಕಡೆಗೋಲನ್ನು ಎತ್ತಿ ತಮ್ಮ ಗುಂಪಿಗೆ ಹಾಕಿಕೊಂಡರು.

ನೋಡಲು ಬಂದವರು

ಮನೆ ಮಾರುತ್ತೇವೆಂಬ ಸುದ್ದಿ ಮಲೆನಾಡಿನಲ್ಲಿ ಮಂಗನಿಗಿಂತ ಬೇಗ ಓಡುತ್ತದೆ. ಮೊದಲು ಬಂದವರು ಬೆಂಗಳೂರಿನವರು. 2020ರಲ್ಲಿ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿ ಮಾಡಿ ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದೆಂದು ಆದಮೇಲೆ ಇಂಥವರು ಬರುವುದು ಜಾಸ್ತಿಯಾಗಿದೆ. ಅವರಿಗೆ ಬೇಕಾದದ್ದು ಹೊಳೆ ಕಾಣುವ ಹೋಮ್‌ಸ್ಟೇ. ನಮ್ಮ ಮನೆಯಿಂದ ಹೊಳೆ ಕಾಣುವುದಿಲ್ಲ, ಹೋದರು.

ಎರಡನೆಯವರು ಹಳೇ ಮರದ ವ್ಯಾಪಾರಿ. ಆತ ಮನೆಯನ್ನೇ ನೋಡಲಿಲ್ಲ ಅನ್ನಬೇಕು. ಮುಂಡಿಗೆಗೆ ಬೆರಳಿನಿಂದ ತಟ್ಟಿ, ಬಾಗಿಲಿನ ದಪ್ಪ ಅಳೆದು, ತೊಲೆ ಎಣಿಸಿ, ಬೀಟೆಯ ಪೆಟ್ಟಿಗೆಯ ಮುಚ್ಚಳ ಎತ್ತಿ, ಒಂದು ಚೀಟಿಯಲ್ಲಿ ಲೆಕ್ಕ ಹಾಕಿದ. ಮನೆ ಬಿಚ್ಚಿಕೊಂಡು ಹೋಗುತ್ತೇನೆ, ಜಾಗ ನಿಮಗೇ ಉಳಿಯುತ್ತದೆ ಎಂದ. ನಗರಗಳಲ್ಲಿ ಹೊಸ ಮನೆ, ಹೋಟೆಲುಗಳಿಗೆ ಹಳೇ ಕಂಬ, ಬಾಗಿಲು ಹಾಕಿಸುವ ಷೋಕಿ ಹೆಚ್ಚಾಗಿ ಈ ವ್ಯಾಪಾರ ಬೆಳೆದಿದೆ. ಹೇಳಿದ ಮೊತ್ತ ನಾವು ಎಣಿಸಿದ್ದಕ್ಕಿಂತ ಬಹಳ ಹೆಚ್ಚು.

ಈ ವ್ಯಾಪಾರದ ಎರಡು ಮಾತು ತಿಳಿದಿರಲಿ. ಒಂದು, ಹಳೇ ಮನೆಯ ಮರವಾದರೂ ಸಾಗಿಸುವ ಮೊದಲು ಅರಣ್ಯ ಇಲಾಖೆಯಲ್ಲಿ ವಿಚಾರಿಸಿಕೊಳ್ಳಬೇಕು. ಎರಡು, ಹೆಂಚಿನ ವಿಷಯ. ನಮ್ಮ ಮಾಡಿನ ಹೆಂಚುಗಳಲ್ಲಿ ಬಾಸೆಲ್ ಮಿಷನ್ ಮುದ್ರೆ, ಅದರಲ್ಲಿ 1865 ಎಂಬ ಅಂಕಿ ಇದೆ. ಅದು ಮಂಗಳೂರಿನಲ್ಲಿ ಆ ಕಾರ್ಖಾನೆ ಶುರುವಾದ ವರ್ಷ, ಹೆಂಚು ಸುಟ್ಟ ವರ್ಷವಲ್ಲ. ಮುದ್ರೆ ನೋಡಿ "ನಮ್ಮ ಮನೆ 1865ರದ್ದು" ಅಂತ ಹೇಳಿಕೊಳ್ಳುವವರೂ ಇದ್ದಾರೆ, ಕೊಳ್ಳುವವರೂ ಇದ್ದಾರೆ.

ಮೂರನೆಯವನು ಕೆಳಗಿನ ಮನೆಯ ಗೌಡರ ಮಗ. ಮದುವೆಯಾಗಿ ಎರಡು ಮಕ್ಕಳು, ಅಣ್ಣತಮ್ಮಂದಿರು ಬೇರೆಯಾಗಿ ಮನೆ ಸಾಲದಾಗಿದೆ. "ಅಮ್ಮಾ, ನಂಗೆ ಕೊಡಿ, ಹೀಗೇ ಇಟ್ಕೊಳ್ತೀನಿ. ಒಂದೇ ಸಲ ಪೂರ್ತಿ ದುಡ್ಡು ಕೊಡಕ್ಕಾಗಲ್ಲ" ಎಂದ. ಮರದ ವ್ಯಾಪಾರಿಯ ಮರದ ದುಡ್ಡಿಗೆ ಉಳಿಯುವ ಜಾಗದ ಬೆಲೆಯನ್ನೂ ಕೂಡಿಸಿದರೆ, ಗೌಡರ ಮಗ ಹೇಳಿದ್ದು ಅದರ ಮುಕ್ಕಾಲು ಪಾಲೂ ಆಗುತ್ತಿರಲಿಲ್ಲ.

ಹೆಣ್ಣುಮಕ್ಕಳ ಸಹಿ

ತಮ್ಮ ಕೆಟ್ಟವನಲ್ಲ. ಆದರೆ "ಅಕ್ಕ, ನೀವಿಬ್ಬರೂ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಬಿಡಿ, ಕೆಲಸ ಸಲೀಸು. ನಿಮಗೆ ಕೊಡೋದು ಕೊಡ್ತೀನಿ" ಎಂದ. ಎಷ್ಟೋ ಮನೆಗಳಲ್ಲಿ ಹೀಗೇ ನಡೆಯುತ್ತದೆ. ಒಂದು ಸೀರೆ, ಅರಿಶಿನ ಕುಂಕುಮ, ಒಂದು ಸಹಿ. ನಾನಾದರೆ ಹಾಕಿಬಿಡುತ್ತಿದ್ದೆನೋ ಏನೋ. ಹಾಸನದಲ್ಲಿರುವ ನನ್ನ ತಂಗಿಯ ಗಂಡನಿಗೆ ವಾರಕ್ಕೆ ಎರಡು ಸಲ ಡಯಾಲಿಸಿಸ್. ಅವಳಿಗೆ ಆ ದುಡ್ಡು ಸೀರೆಯ ಮಾತಲ್ಲ, ಗಂಡನ ಜೀವದ ಮಾತು. ಅವಳು ಬಾಯಿಬಿಟ್ಟು ಕೇಳುವವಳಲ್ಲ. ನಾನೇ ತೀರ್ಥಹಳ್ಳಿಯ ವಕೀಲರ ಹತ್ತಿರ ಎಲ್ಲರನ್ನೂ ಕರೆದುಕೊಂಡು ಹೋದೆ.

ಅವರು ಹೇಳಿದ್ದನ್ನು ನಮ್ಮ ಓದುಗರಿಗಾಗಿ ಸರಳವಾಗಿ ಬರೆಯುತ್ತೇನೆ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಾದ ತಿದ್ದುಪಡಿಯಿಂದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು. ಕರ್ನಾಟಕದಲ್ಲಂತೂ 1994ರಲ್ಲೇ ಅಂಥದ್ದೊಂದು ತಿದ್ದುಪಡಿ ಬಂದಿತ್ತು, ಆದರೆ ಅದಕ್ಕೆ ಮುಂಚೆ ಮದುವೆಯಾದವರಿಗೆ ಅದು ಸಿಗುತ್ತಿರಲಿಲ್ಲ. 2005ರ ಕಾನೂನಿನಲ್ಲಿ ಮದುವೆಯ ಅಡ್ಡಿಯಿಲ್ಲ. ಆ ಹಕ್ಕು ಹುಟ್ಟಿನಿಂದಲೇ ಬರುವಂಥದ್ದು, 2005ರಲ್ಲಿ ತಂದೆ ಬದುಕಿರಬೇಕೆಂದೂ ಇಲ್ಲ ಎಂದು ಸುಪ್ರೀಂ ಕೋರ್ಟು 2020ರ ಆಗಸ್ಟಿನಲ್ಲಿ ಹೇಳಿತು. 2004ರ ಡಿಸೆಂಬರ್ 20ಕ್ಕೆ ಮೊದಲೇ ಕ್ರಮವಾಗಿ ಪಾಲಾಗಿದ್ದರೆ, ಮಾರಾಟವಾಗಿದ್ದರೆ ಮಾತ್ರ ಅದನ್ನು ಈಗ ಕೆದಕುವಂತಿಲ್ಲ. ತಂದೆ ಉಯಿಲು ಬರೆಯದೆ ಹೋಗಿದ್ದರೆ ತಾಯಿಗೂ ಪಾಲುಂಟು. ಇದನ್ನು ನಮ್ಮಲ್ಲಿ ಬಹಳ ಜನ ಮರೆಯುತ್ತಾರೆ. ಹಾಗಾಗಿ ಕೊಳ್ಳುವವರ ವಕೀಲರೇ ವಂಶವೃಕ್ಷ ಹಿಡಿದು, ಹೆಣ್ಣುಮಕ್ಕಳ ಸಹಿ ಎಲ್ಲಿ ಅಂತ ಕೇಳುತ್ತಾರೆ.

ಉಳಿದ ಕಾಗದಗಳು: ಪಂಚಾಯ್ತಿಯ ಇ-ಸ್ವತ್ತು ದಾಖಲೆ, ಕಂದಾಯ ಕಟ್ಟಿದ ರಶೀದಿ, ಸಾಲವಿಲ್ಲವೆಂದು ತೋರಿಸುವ ಋಣಭಾರ ಪತ್ರ, ತೀರಿಕೊಂಡವರ ಮರಣ ಪತ್ರ, ಸುತ್ತಿನ ಜಮೀನಿನ ಪಹಣಿ. ಋಣಭಾರ ಪತ್ರಕ್ಕೆ ಈಗ ಕಾವೇರಿ ಆನ್‌ಲೈನಿನಲ್ಲಿ ಅರ್ಜಿ ಹಾಕಬಹುದು. ಹೆಸರಿನ ಕಾಗುಣಿತ ಎಲ್ಲಾ ಕಾಗದದಲ್ಲೂ ಒಂದೇ ಇದೆಯೇ ಎಂದು ಕೂತು ನೋಡಿ. ಒಂದರಲ್ಲಿ ಸುಬ್ಬಯ್ಯ, ಇನ್ನೊಂದರಲ್ಲಿ ಸುಬ್ರಾಯ ಅಂತಿದ್ದರೆ ಅಲೆದಾಟ ತಪ್ಪಿದ್ದಲ್ಲ.

ಆ ರಾತ್ರಿ ಊಟಕ್ಕೆ ಕೂತಾಗ ಅಮ್ಮ ಜಗಲಿಯಲ್ಲಿದ್ದ ತೊಟ್ಟಿಲು ತೋರಿಸಿ ತಮ್ಮನಿಗೆ ಹೇಳಿದರು: "ಮೂರು ಜನಾನೂ ಇದೊಂದ್ರಲ್ಲೇ ಮಲಗಿದ್ದು ಮಾರಾಯ. ನಿಂಗಂತ ಬೇರೆ ತೊಟ್ಲು ಮಾಡ್ಸಿರ್ಲಿಲ್ಲ." ತಮ್ಮ ತಲೆತಗ್ಗಿಸಿ ಊಟ ಮಾಡಿದ. ಮಾರನೇ ದಿನ ತಾನೇ ಲೆಕ್ಕ ಬರೆದ: ಅಮ್ಮ, ನಾವು ಮೂವರು, ನಾಲ್ಕು ಪಾಲು.

ಮನೆಗೆ ಮುಖ ತೊಳೆಸುವುದು

ಯಾರಿಗೆ ಮಾರಿದರೂ ಮನೆ ಶುಭ್ರವಾಗಿರಬೇಕು. ಪೇಟೆ ಮನೆಯಂತೆ ಬಣ್ಣ ಬಳಿದುಬಿಡುವುದು ಇಲ್ಲಿಗೆ ಸಲ್ಲದು. ಮುಂಡಿಗೆ, ಬಾಗಿಲಿಗೆ ಎನಾಮಲ್ ಬಳಿದರೆ ಬೆಲೆ ಇಳಿಯುತ್ತದೆ. ಒಣಬಟ್ಟೆಯಲ್ಲಿ ಒರೆಸಿ ತೆಳ್ಳಗೆ ಎಣ್ಣೆ ಸವರಿದರೆ ಸಾಕು. ಅಡುಗೆಮನೆಯ ತೊಲೆಯ ಇಲ್ಲಣವನ್ನು ಮೊದಲು ಪೊರಕೆಯಿಂದ ಕೆಡವಿ, ಆಮೇಲೆ ಒರೆಸಬೇಕು. ನೀರು ಹಾಕಿದಿರೋ ಗೋಡೆಯೆಲ್ಲ ಕಪ್ಪು. ಗೋಡೆಗೆ ಸುಣ್ಣ. ಕಾವಿ ನೆಲಕ್ಕೆ ಆಸಿಡ್ ತಾಗಿಸಬೇಡಿ. ಬರೀ ನೀರಲ್ಲಿ ಒರೆಸಿ, ಒಣಗಿದ ಮೇಲೆ ನಾಲ್ಕು ಹನಿ ಕೊಬ್ಬರಿ ಎಣ್ಣೆಯ ಬಟ್ಟೆ ಆಡಿಸಿದರೆ ಕನ್ನಡಿ. ತಾಮ್ರಕ್ಕೆ ಹುಣಸೆಹಣ್ಣು ಉಪ್ಪು ಇದ್ದೇ ಇದೆ. ಬಾವಿ ತೋಡಿಸಿ ಕೆಸರು ತೆಗೆಸಿದೆವು.

ಒರಲೆ ಹಿಡಿದ ಕಡೆ ಮುಚ್ಚಿಡದೆ ತೋರಿಸುವುದೇ ಒಳ್ಳೆಯದು. ನಮ್ಮ ಕೊಟ್ಟಿಗೆಯ ಎರಡು ಪಕಾಸಿ ಹೋಗಿದ್ದವು. ಅವನ್ನು ಬಿಚ್ಚಿ ಬೇರೆ ಹಾಕಿಸಿದ್ದನ್ನು ಬಂದವರಿಗೆಲ್ಲ ಹೇಳಿದೆವು. ಹಾಗೆಯೇ ಸೋರುವ ಹೆಂಚು. ಆಗುಂಬೆಯ ಸುತ್ತ ವರ್ಷಕ್ಕೆ 7,000 ಮಿಲಿಮೀಟರ್ ದಾಟಿ ಮಳೆ ಸುರಿಯುವ ನಾಡಿದು. ಮೊದಲ ಜೂನಿನಲ್ಲೇ ಸುಳ್ಳು ಬಯಲಾಗುತ್ತದೆ.

ಆಗುಂಬೆಯಿಂದ ಮಣಿಪಾಲಕ್ಕೆ

ಅಮ್ಮನ ಕಣ್ಣು ತೋರಿಸಲು ಮಣಿಪಾಲಕ್ಕೆ ಹೋಗಬೇಕಿತ್ತು. ದಾರಿಯಲ್ಲಿ ಆಗುಂಬೆಯ ದೊಡ್ಡಮನೆಯ ಮುಂದೆ ಇಳಿದೆವು. 1980ರ ದಶಕದಲ್ಲಿ ಶಂಕರ್‌ನಾಗ್ ತೆಗೆದ 'ಮಾಲ್ಗುಡಿ ಡೇಸ್' ಧಾರಾವಾಹಿಯಲ್ಲಿ ಬರುವ ಮನೆ ಇದೇ. ನೂರು ವರ್ಷಕ್ಕೂ ಹಳೆಯದು. ಬಂದುಹೋಗುವವರಿಗೆ ಊಟ, ಇರಲು ಜಾಗ ಕೊಡುವ ಮನೆಯೆಂದು ಹೆಸರು ಪಡೆದದ್ದು. ಕಂಬಗಳು ಕೈ ತಾಗಿ ತಾಗಿ ನುಣುಪಾಗಿವೆ. ಮನೆ ಉಳಿಯಬೇಕಾದರೆ ಒಳಗೆ ಜನರಿರಬೇಕು, ಒಲೆ ಉರಿಯಬೇಕು. ಹೊಗೆ ತಾಗಿದ ಮರಕ್ಕೆ ಹುಳ ಕಡಿಮೆ ಎಂದು ನಮ್ಮ ಹಿರಿಯರು ಹೇಳುತ್ತಿದ್ದದ್ದು ಸುಮ್ಮನಲ್ಲ.

ಅಲ್ಲಿಂದ ಹದಿನಾಲ್ಕು ತಿರುವಿನ ಘಾಟಿ ಇಳಿದರೆ ಸೋಮೇಶ್ವರ, ಹೆಬ್ರಿ, ಆಮೇಲೆ ಮಣಿಪಾಲ. ಆಸ್ಪತ್ರೆಯ ಕೆಲಸ ಮುಗಿದ ಮಾರನೇ ದಿನ ಹಸ್ತಶಿಲ್ಪ ಹೆರಿಟೇಜ್ ವಿಲೇಜಿಗೆ ಹೋದೆವು. ಬ್ಯಾಂಕಿನಲ್ಲಿ ಕೆಲಸದಲ್ಲಿದ್ದ ವಿಜಯನಾಥ ಶೆಣೈ ಎಂಬವರು, ಕೆಡವಿ ಮರಕ್ಕೆ ಮಾರುತ್ತಿದ್ದ ಹಳೇ ಮನೆಗಳನ್ನು ಕಂಡು ಸಂಕಟಪಟ್ಟು, ಅವನ್ನು ಬಿಚ್ಚಿ ತಂದು ಇಲ್ಲಿ ಮತ್ತೆ ಜೋಡಿಸಿ ನಿಲ್ಲಿಸಿದರು. ಮಿಯಾರಿನ ಮನೆ, ಹರ್ಕೂರಿನ ಒಳಗಿನ ಮನೆ, ದೂರದ ಕುಕನೂರಿನ ಕಮಲ ಮಹಲು ಎಲ್ಲ ಒಂದೇ ಆವರಣದಲ್ಲಿವೆ. ಮನೆ ಎಂದರೆ ಸಾವಿರಾರು ತುಂಡು. ಯಾವ ಬೋದಿಗೆ ಯಾವ ಕಂಬಕ್ಕೆ ಎಂದು ಹೊಂದಿಸುವುದು ಸಾಮಾನ್ಯ ತಾಳ್ಮೆಯಲ್ಲ. ಶೆಣೈಯವರು 2017ರಲ್ಲಿ ತೀರಿಕೊಂಡರು. ನೀವು ಹೋಗುವುದಾದರೆ ಸಮಯ ಮೊದಲೇ ವಿಚಾರಿಸಿ, ಕನಿಷ್ಠ ಅರ್ಧ ದಿನ ಇಟ್ಟುಕೊಂಡು ಹೋಗಿ.

ನಾನು ಕೆತ್ತನೆ ನೋಡುತ್ತಾ ಬಾಯಿ ಬಿಟ್ಟುಕೊಂಡು ನಿಂತಿದ್ದೆ. ಅಮ್ಮ ಒಂದು ಮನೆಯ ಅಡುಗೆಕೋಣೆಯ ಬಾಗಿಲಲ್ಲಿ ನಿಂತು, ತೋರಿಸುತ್ತಿದ್ದ ಹುಡುಗನನ್ನು ಕೇಳಿದರು: "ಇಲ್ಲಿ ಒಲೆ ಹಚ್ಚೋರು ಯಾರಪ್ಪ?" ಯಾರೂ ಇಲ್ಲ ಅಜ್ಜಿ, ನೋಡೋದಕ್ಕೆ ಮಾತ್ರ ಎಂದ. ಅಮ್ಮ ಏನೂ ಹೇಳಲಿಲ್ಲ. ಘಾಟಿ ಹತ್ತುವಾಗ ಹೇಳಿದರು. "ಅಷ್ಟು ಪುಣ್ಯ ಎಲ್ಲಾ ಮನೆಗೂ ಸಿಗಲ್ಲ. ಆ ವ್ಯಾಪಾರಿ ಹತ್ರ ಹೋದ್ರೆ ನಮ್ಮ ಮುಂಡಿಗೆ ಯಾವ ಹೋಟ್ಲಲ್ಲೋ ನಿಲ್ಲತ್ತೆ. ಗೌಡ್ರ ಮಗನಿಗೇ ಕೊಡಾಣ."

ಕೊಟ್ಟದ್ದು, ಉಳಿದದ್ದು

ಮಾತು ಹೇಳುವುದು ಸುಲಭ, ಲೆಕ್ಕ ಕಷ್ಟ. ಕಡಿಮೆ ಬೆಲೆಗೆ ಕೊಟ್ಟರೆ ಮೊದಲು ಪೆಟ್ಟು ಬೀಳುವುದು ತಂಗಿಗೆ. ಅವಳಿಗೆ ಬೇಕಿದ್ದದ್ದು ಬೇಗ ಬರುವ ಹಣ. ಫೋನಿನಲ್ಲಿ ಕೇಳಿದಾಗ, "ಅಮ್ಮ ಹೇಗೆ ಹೇಳ್ತಾರೋ ಹಾಗೆ" ಎಂದಳು, ದನಿ ಮಾತ್ರ ಸಣ್ಣಗಾಯಿತು. ಅಮ್ಮನಿಗೆ ಅದು ಕೇಳಿಸಿತು. ತಮ್ಮ ಪಾಲಿನಲ್ಲಿ ಅವಳಿಗೆ ಕಡಿಮೆ ಬಿದ್ದಷ್ಟನ್ನು ತುಂಬಿಕೊಡುವುದಾಗಿ, ಗೌಡರ ಮಗ ಮೊದಲು ಕೊಡುವ ಕಂತು ಪೂರ್ತಿ ಅವಳಿಗೇ ಹೋಗಬೇಕೆಂದು ಅಮ್ಮ ತೀರ್ಮಾನಿಸಿದರು. ತಮ್ಮ ಒಪ್ಪಿದ, ನಾನೂ ಒಪ್ಪಿದೆ. ಕ್ರಯದ ಕರಾರು ಬಾಯಿಮಾತಿನಲ್ಲಿ ಬೇಡ, ಬರೆಸಿ ನೋಂದಾಯಿಸಿ ಎಂದರು ವಕೀಲರು. ಹಾಗೇ ಮಾಡಿದೆವು. ನೆರೆಯವರಾದರೂ, ಸ್ವಂತದವರಾದರೂ ಇದನ್ನು ಬಿಡಬೇಡಿ. ಕಂತಿನ ತಾರೀಖು, ಯಾವಾಗ ಕೀಲಿಕೈ ಕೊಡುವುದು, ಏನೇನು ಮನೆಯ ಜೊತೆ ಸೇರಿದೆ ಎಲ್ಲಾ ಬರಹದಲ್ಲಿರಲಿ.

ಹಿತ್ತಲಿನ ಚೌಡಿಯ ಕಲ್ಲಿನ ವಿಷಯ ಮಾತ್ರ ಕರಾರಿನಲ್ಲಿಲ್ಲ. ಅಮ್ಮ ಗೌಡರ ಸೊಸೆಯನ್ನು ಕರೆದುಕೊಂಡು ಹೋಗಿ ತೋರಿಸಿ, ವರ್ಷಕ್ಕೊಂದು ಹಣ್ಣುಕಾಯಿ, ಅಷ್ಟೇ ಎಂದು ಹೇಳಿಬಂದರು. ಆ ಹುಡುಗಿ, "ಅಷ್ಟೇ ಯಾಕೆ, ದೀಪಾನೂ ಇಡ್ತೀನಿ ಬಿಡಿ" ಅಂದಳಂತೆ.

ಅಮ್ಮ ಈಗ ಶಿವಮೊಗ್ಗದಲ್ಲಿ ಎರಡು ಕೋಣೆಯ ಮನೆಯಲ್ಲಿದ್ದಾರೆ. ಒಂದು ಹಂಡೆ, ಮೂರು ಭರಣಿ, ಆ ಕಡೆಗೋಲು ಅಲ್ಲಿಗೆ ಬಂದಿವೆ. ಮೊದಲ ತಿಂಗಳು ನಿದ್ದೆ ಬರಲಿಲ್ಲವಂತೆ, ಮಳೆ ಹೆಂಚಿನ ಮೇಲೆ ಬೀಳುವ ಸದ್ದಿಲ್ಲವೆಂದು. ತಂಗಿಗೆ ಮೊದಲ ಕಂತು ಸೇರಿದೆ, ಎರಡನೆಯದು ಅಡಿಕೆ ಕೊಯ್ಲಿನ ಮೇಲೆ.

ಮನೆ ಮಾರುವ ಪ್ರಸಂಗ ನಿಮಗೂ ಬಂದರೆ ಒಂದೇ ಮಾತು. ಬೆಲೆ ಕೇಳುವ ಮೊದಲು ಆ ಮನೆಯಲ್ಲಿ ಹೆಚ್ಚು ವರ್ಷ ಒಲೆ ಉರಿಸಿದವರನ್ನು ಕೇಳಿ. ಅವರು ಹೇಳುವ ಲೆಕ್ಕದಲ್ಲಿ ದುಡ್ಡು ಸ್ವಲ್ಪ ಕಡಿಮೆಯಾದರೂ ಮನಸ್ತಾಪ ಕಡಿಮೆಯೇ ಇರುತ್ತದೆ.